ಮಂಗಳವಾರದ ಮೀಟಿಂಗು ಮತ್ತು ಶಾಂತವ್ವನ ಗಿರಣಿ

೨೦೨೨ರಲ್ಲಿ ನಾನು ಹಳಿಯಾಳದಲ್ಲಿದ್ದೆ. ಬ್ಯಾಂಕಿನ ಮ್ಯಾನೇಜರ್ ಹುದ್ದೆಯಿಂದ ನಿವೃತ್ತನಾಗಿ, ಆರ್ಥಿಕ ಸಾಕ್ಷರತಾ ಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ಸಲಹೆಗಾರನಾಗಿ ಸೇರಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಒಂದು ಮೇಜು, ಗೋಡೆಗೆ ಉಳಿತಾಯದ ಪೋಸ್ಟರು. ಹಳಿಯಾಳ, ದಾಂಡೇಲಿ, ಜೋಯಿಡಾ ತಾಲೂಕಿನ ಊರುಗಳಿಗೆ ಹೋಗಿ ದುಡ್ಡು ಉಳಿಸುವುದು ಹೇಗೆ ಎಂದು ಹೇಳಿಕೊಡುವುದು, ಸಾಲದಲ್ಲಿ ಸಿಕ್ಕಿಬಿದ್ದವರು ಬಂದರೆ ಹೊರಬರುವ ದಾರಿ ತೋರಿಸುವುದು ನನ್ನ ಕೆಲಸ. ನಾನು ಹುಟ್ಟಾ ಜಿಪುಣ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಕೊನೆಯ ವಾರ ಕಳೆಯುವವನು. "ಇಷ್ಟು ದಿನ ಪುಕ್ಕಟೆ ಮಾಡ್ತಿದ್ರಿ, ಈಗ ಅದಕ್ಕೂ ಪಗಾರ ಕೊಡಾಕತ್ತಾರ" ಎಂದು ನನ್ನ ಹೆಂಡತಿ ನಕ್ಕಿದ್ದಳು.

ನನ್ನ ಪದ್ಧತಿ ಸರಳವಾಗಿತ್ತು. ಬಂದವರಿಂದ ಒಂದು ವಾರದ ಖರ್ಚನ್ನೆಲ್ಲ ಹೇಳಿಸಿಕೊಂಡು ಹಾಳೆಯ ಮೇಲೆ ಬರೆಯುತ್ತಿದ್ದೆ. ಬಿಡಬಹುದಾದ್ದಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದೆ. ಹೊರಗಿನ ಚಹಾ, ದಿನಾ ಒಂದೊಂದು ಕೊಳ್ಳುವ ಶಾಂಪೂ ಪಾಕೀಟು, ಉದ್ರಿ ಅಂಗಡಿಯಲ್ಲಿ ಹೆಚ್ಚು ಬೆಲೆಗೆ ತರುವ ಬೇಳೆ, ಅಡವಿಟ್ಟ ಬಂಗಾರದ ಮೇಲೆ ಸುಮ್ಮನೆ ಏರುವ ಬಡ್ಡಿ. ನೂರರಲ್ಲಿ ತೊಂಬತ್ತು ಜನರಿಗೆ ಇಷ್ಟು ಸಾಕಾಗುತ್ತದೆ ಎಂದೇ ನಂಬಿದ್ದೆ. ಶಾಂತವ್ವ ಬಂದದ್ದು ಆಗ.

ದಾಂಡೇಲಿ ರಸ್ತೆಯ ಒಂದು ಹಳ್ಳಿಯವಳು, ನಲವತ್ತರ ಆಸುಪಾಸು. ಗಂಡ ಕಬ್ಬಿನ ಲಾರಿ ಓಡಿಸುತ್ತ ವರ್ಷದಲ್ಲಿ ಆರು ತಿಂಗಳು ಊರಿನಲ್ಲಿ ಇರುತ್ತಿರಲಿಲ್ಲ. ಈಕೆ ಜೋಳದ ರೊಟ್ಟಿ ಬಡಿದು ಹಳಿಯಾಳದ ಒಂದು ಖಾನಾವಳಿಗೂ, ಪ್ರವಾಸಿಗರು ಬರುವ ದಿನಗಳಲ್ಲಿ ದಾಂಡೇಲಿಯ ರೆಸಾರ್ಟುಗಳಿಗೂ ಕಳಿಸುತ್ತಿದ್ದಳು. ಮನೆಯಲ್ಲಿ ಸ್ವಂತದ್ದೊಂದು ಸಣ್ಣ ಹಿಟ್ಟಿನ ಗಿರಣಿ. ಜೋಳ ತಂದು ಬೇಕಾದಷ್ಟು ನುಣ್ಣಗೆ ತಾನೇ ಬೀಸಿಕೊಳ್ಳುತ್ತಿದ್ದಳು, ರೊಟ್ಟಿ ಹರಿಯದೆ ಬರುತ್ತಿದ್ದುದು ಅದರಿಂದಲೇ. ಅವಳು ಬಂದದ್ದು ಒಂದೇ ಪ್ರಶ್ನೆ ಕೇಳಲಿಕ್ಕೆ.

"ಸರ, ಗಿರಣಿ ಮಾರಬೇಕಂತ ಮಾಡೇನಿ. ಶನಿವಾರ ಗಿರಾಕಿ ಬರ್ತಾನ. ಹದಿನೆಂಟು ಸಾವಿರ ಅಂದಾನ. ಕೊಡ್ಲ್ಯೋ ಬ್ಯಾಡೋ?"

ಯಾಕೆ ಎಂದು ಕೇಳಿದೆ. ಊರಿನ ಒಬ್ಬನಿಂದ ಹದಿನೈದು ಸಾವಿರ ಕೈಗಡ ತಂದಿದ್ದಳು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಅದನ್ನು ತೀರಿಸಲು ಗಿರಣಿ ಮಾರಿದರೆ ಕಾಳು ಬೀಸಿಸಲು ಹಳಿಯಾಳಕ್ಕೆ ಬರಬೇಕು, ಬಸ್ಸಿನ ಖರ್ಚು, ಅರ್ಧ ದಿನ. ರೊಟ್ಟಿಯ ವ್ಯಾಪಾರ ನಿಂತಂತೆಯೇ. ಆಮೇಲೆ ಕಬ್ಬಿನ ಹೊಲದ ಕೂಲಿ. ಇದನ್ನು ನಾನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ, ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದಳು.

ನಾನು ಹಾಳೆ ತೆಗೆದೆ. ಕೆಂಪು ಪೆನ್ನನ್ನೂ ತೆಗೆದೆ. ಚಹಾ ಎಂದೆ.

"ಚಹಾ ಬಿಟ್ಟು ಮೂರು ವರ್ಷ ಆತ್ರಿ."

ಟಿವಿ? ಡಿಶ್ ತೆಗೆಸಿದ್ದಳು. ಗ್ಯಾಸ್? ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆ, ಅದೇ ಒಲೆಯ ಕೆಂಡದ ಮೇಲೆ ಮನೆಯ ಸಾರು. ಸೀರೆ? ಅಕ್ಕನ ಮಗಳ ಮದುವೆಯಲ್ಲಿ ಅವರು ಕೊಟ್ಟದ್ದೇ ಕೊನೆ. ಸೋಪನ್ನು ಅರ್ಧ ಮಾಡಿ ಒಂದರ್ಧ ಒಣಗಿಸಿ ಇಡುತ್ತಿದ್ದಳಂತೆ, ಒಣ ಸೋಪು ಬೇಗ ಸವೆಯುವುದಿಲ್ಲ ಅಂತ. ಅದು ನನಗೂ ತಿಳಿದಿರಲಿಲ್ಲ. ಮನೆಗೆ ಹೋಗಿ ಅದೇ ದಿನ ಶುರು ಮಾಡಿದೆ.

"ಎಲ್ಲಾ ಬಿಟ್ಟೇನ್ರಿ. ಇನ್ನೇನ ಬಿಡ್ಲಿ ನೀವ ಹೇಳ್ರಿ" ಎಂದಳು. ನನ್ನ ಪೆನ್ನು ಎಲ್ಲಿಯೂ ಸುತ್ತು ಹಾಕದೆ ಹಾಗೇ ಇತ್ತು. ಅವಳ ಲೆಕ್ಕದಲ್ಲಿ ಇನ್ನೊಂದು ಸಾಲವೂ ಇತ್ತು, ಒಂದು ಫೈನಾನ್ಸ್ ಕಂಪನಿಯ ಗುಂಪು ಸಾಲ ಐವತ್ತು ಸಾವಿರ, ವಾರಕ್ಕೆ ಆರುನೂರ ಹತ್ತು ರೂಪಾಯಿ ಕಂತು. ಅದನ್ನು ಒಂದು ವಾರವೂ ತಪ್ಪಿಸಿರಲಿಲ್ಲ. ರೊಟ್ಟಿಯ ಆದಾಯದಲ್ಲಿ ಕಂತು, ಜೋಳ, ಮನೆ ಎಲ್ಲ ಕಳೆದರೂ ವಾರಕ್ಕೆ ಎಂಟುನೂರರಿಂದ ಸಾವಿರ ರೂಪಾಯಿ ಉಳಿಯಲೇಬೇಕು. ಉಳಿಯುತ್ತಿರಲಿಲ್ಲ. ಎಲ್ಲಿ ಹೋಗುತ್ತದೆ ಎಂದು ಎರಡು ಸಲ ಕೇಳಿದೆ. ಅವಳು ಸೆರಗಿನ ತುದಿ ನೋಡುತ್ತ, "ಬಂದು ಗಿರಣಿ ನೋಡಿ ಹೋಗ್ರಿ, ಬೆಲಿ ಸರಿ ಐತೇನಂತ" ಎಂದಳು. ಮಂಗಳವಾರ ಬೆಳಿಗ್ಗೆ ದಾಂಡೇಲಿಗೆ ಹೋಗುವುದಿತ್ತು, ದಾರಿಯಲ್ಲೇ ಬರುತ್ತೇನೆ ಎಂದೆ. ಮಂಗಳವಾರ ಎಂದಾಗ ಅವಳ ಮುಖ ಸಣ್ಣಗಾಯಿತು. ಬೇಡ ಎನ್ನಲಿಕ್ಕೂ ಆಗದೆ ಎದ್ದು ಹೋದಳು.

ನಾನು ಹೋದಾಗ ಒಂಬತ್ತಕ್ಕೆ ಇನ್ನೂ ಹೊತ್ತಿತ್ತು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಮಧ್ಯದಲ್ಲಿ ಟ್ಯಾಬ್ ಹಿಡಿದ ಫೈನಾನ್ಸ್ ಕಂಪನಿಯ ಒಬ್ಬ ಸಿಬ್ಬಂದಿ, ಹೆಸರು ಪ್ರವೀಣ. ಇದಕ್ಕೆ ಸೆಂಟರ್ ಮೀಟಿಂಗ್ ಎನ್ನುತ್ತಾರೆ. ಗುಂಪಿನ ಒಬ್ಬರ ಮನೆಯಲ್ಲಿ ಪ್ರತಿ ವಾರ ಎಲ್ಲರೂ ಸೇರಿ ಕಂತು ಕಟ್ಟಬೇಕು. ಒಬ್ಬರು ಕಟ್ಟದಿದ್ದರೆ ಉಳಿದವರೆಲ್ಲ ಸೇರಿ ಕಟ್ಟಬೇಕು, ಇದಕ್ಕೆ ಜಾಯಿಂಟ್ ಲಯಬಿಲಿಟಿ ಎಂದು ಹೆಸರು. ಮೊತ್ತ ಪೂರ್ತಿಯಾಗುವವರೆಗೆ ಯಾರೂ ಏಳುವಂತಿಲ್ಲ, ಇದು ಎಲ್ಲಿಯೂ ಬರೆದಿರದ ನಿಯಮ. ಶಾಂತವ್ವ ಈ ಗುಂಪಿನ ಲೀಡರ್. ಮೀಟಿಂಗು ನಡೆಯುವುದು ಅವಳ ಮನೆಯಲ್ಲಿ.

ನನ್ನನ್ನು ಒಳಗೆ ಕರೆದು ಗೋಡೆಯ ಪಕ್ಕದ ಒಂದೇ ಕುರ್ಚಿಯಲ್ಲಿ ಕೂರಿಸಿದರು. ಶಾಂತವ್ವ ಎಲ್ಲರಿಗೂ ಚಹಾ ತಂದಳು. ಮೂರು ವರ್ಷದಿಂದ ಚಹಾ ಬಿಟ್ಟವಳು ಅಷ್ಟು ಲೋಟಗಳನ್ನು ಸರತಿಯ ಮೇಲೆ ತೊಳೆದು ತುಂಬಿಸುತ್ತಿದ್ದಳು. ಹಾಲು ಗಟ್ಟಿಯಾಗಿತ್ತು. ಮನೆಗೆ ಬಂದವರಿಗೆ ನೀರು ಚಹಾ ಕೊಡುವುದು ಹೇಗೆ?

ಎಲ್ಲರ ಕಂತೂ ಬಂತು, ನೀಲವ್ವನದೊಂದು ಬಿಟ್ಟು. ನೀಲವ್ವ ಹಿಂದಿನ ಓಣಿಯವಳು, ಗಂಡ ಗೋವೆಗೆ ದುಡಿಯಲು ಹೋದವನು ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದ. ಅವಳು ಮೀಟಿಂಗಿಗೇ ಬಂದಿರಲಿಲ್ಲ. ಇನ್ನೊಬ್ಬಳು ಇನ್ನೂರು ಕಡಿಮೆ ತಂದಿದ್ದಳು. ಪ್ರವೀಣ, "ಕಲೆಕ್ಷನ್ ಪೂರ್ತಿ ಆಗ್ಲಿ, ಆಮ್ಯಾಲೆ ಹೋಗೂಣು" ಎಂದು ಗೋಡೆಗೆ ಒರಗಿದ. ಎಲ್ಲರೂ ಸುಮ್ಮನೆ ಕೂತರು. ನಾನೂ ಕೂತೆ. ಏಳೋಣವೆಂದರೆ ಬಾಗಿಲವರೆಗೆ ಕಾಲಿಡಲು ಜಾಗವಿರಲಿಲ್ಲ. ಮೇಲೆ ತಗಡು, ಒಂದೇ ಕಿಟಕಿ, ಅದರ ಬಾಯಿಗೆ ಜೋಳದ ಚೀಲಗಳು. ಒಂದು ಕೂಸು ಅತ್ತು ಅತ್ತು ಮಲಗಿತು. ಯಾರೂ ಬೈಯುತ್ತಿರಲಿಲ್ಲ, ಯಾರೂ ಜಗಳ ತೆಗೆಯುತ್ತಿರಲಿಲ್ಲ. ಬೈದಿದ್ದರೆ ನನಗೆ ಉಸಿರಾಡಲು ಸ್ವಲ್ಪ ಅನುಕೂಲವಾಗುತ್ತಿತ್ತೇನೋ. ಬ್ಯಾಂಕಿನಲ್ಲಿ ನಾನೂ ವಸೂಲಿಗೆ ಹೋದವನೇ, ಆದರೆ ಸಾಲಗಾರರ ಜೊತೆ ಹೀಗೆ ಒಂದೇ ಕೋಣೆಯಲ್ಲಿ ಬೆವರುತ್ತ ಕೂತದ್ದು ಅದೇ ಮೊದಲು. ಹೆದರಿಕೆಯೂ ಆಯಿತು ಎಂದರೆ ನಗಬೇಡಿ.

ಒಳಗೆ ಅಡುಗೆಮನೆಯಲ್ಲಿ ಬಿಸಿನೀರು ಹಾಕಿ ನಾದಿದ ಹಿಟ್ಟು ಪರಾತದಲ್ಲಿ ಆರುತ್ತಿತ್ತು. ಜೋಳದ ಹಿಟ್ಟು ಆರಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ರೊಟ್ಟಿಯ ಗಂಟು ಹತ್ತೂವರೆಯ ಬಸ್ಸಿಗೆ ಹೋಗಬೇಕು. ಖಾನಾವಳಿಯವನ ಫೋನು ಎರಡು ಸಲ ಬಂತು. ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಪರಾತ ನೋಡುತ್ತಿದ್ದಳು, ಒಮ್ಮೆ ಪಡಸಾಲೆ ನೋಡುತ್ತಿದ್ದಳು. ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು. ಆಮೇಲೆ ಅವಳು ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದು ಎಂಟುನೂರ ಹತ್ತು ರೂಪಾಯಿ ಪ್ರವೀಣನ ಮುಂದೆ ಇಟ್ಟಳು.

ಎಲ್ಲರೂ ಒಮ್ಮೆಲೇ ಎದ್ದರು. ಮಂಗಳವಾರ ಅಲ್ಲವೇ, ಮನೆಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಶಾಂತವ್ವ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಅರಿಷಿಣ ಕುಂಕುಮ ಹಚ್ಚಿದಳು. ಇನ್ನೂರು ಕಡಿಮೆ ತಂದವಳಿಗೂ ಹಚ್ಚಿದಳು. ಅವಳು ಹಣೆ ಕೊಟ್ಟು, "ಮುಂದಿನ ವಾರ ಕೊಡ್ತೇನಿ ಶಾಂತಕ್ಕಾ" ಎಂದು ಹೋದಳು.

ಮನೆ ಖಾಲಿಯಾದ ಮೇಲೆ ಕೇಳಿದೆ, ಇದು ವಾರ ವಾರವೂ ಹೀಗೇನಾ ಎಂದು.

"ಒಂದೊಂದು ವಾರ ಕಡಿಮಿ, ಒಂದೊಂದು ವಾರ ಹೆಚ್ಚಿಗಿ" ಎಂದಳು. ಕೈಗಡ ತಂದದ್ದೂ ಇದಕ್ಕೇ. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲವೇ ಎಂದೆ. "ಮನ್ಯಾಗ ಬಂದು ಕುಂತವರನ್ನ ಹೆಂಗ ಕೇಳೂದ್ರಿ? ಕುಂಕುಮ ಹಚ್ಚಿದ ಕೈಲೇ ರೊಕ್ಕ ಕೊಡು ಅನ್ಲೇನು?"

ನನಗೆ ಆಗ ತಿಳಿಯಿತು. ಸೋಪು ಅರ್ಧ ಮಾಡಿ ಅವಳು ಉಳಿಸಿದ್ದೆಲ್ಲ ಈ ಪಡಸಾಲೆಯಲ್ಲಿ ಹೋಗುತ್ತಿತ್ತು. ಯಾರೂ ಅವಳಿಗೆ ಮೋಸ ಮಾಡುತ್ತಿರಲಿಲ್ಲ. ಕೂತವರಲ್ಲಿ ಯಾರಿಗೆ ಎಲ್ಲಕ್ಕಿಂತ ಅವಸರವೋ ಅವರೇ ಡಬ್ಬಿ ತೆಗೆಯುತ್ತಾರೆ, ಎಲ್ಲ ಕಡೆಯೂ ಹಾಗೆಯೇ. ಶಾಂತವ್ವನಿಗೆ ಒಲೆಯ ಅವಸರ, ಬಸ್ಸಿನ ಅವಸರ. ಅದರ ಮೇಲೆ ಮನೆ ಅವಳದ್ದು. ಎದ್ದು ಹೋಗುತ್ತೇನೆ ಎನ್ನಲು ಅವಳಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.

ಮೀಟಿಂಗನ್ನು ಮನೆಯಿಂದ ಹೊರಗೆ ಹಾಕು ಎಂದೆ. ವಸೂಲಿಯ ಜಾಗವನ್ನು ಕಂಪನಿಯವರು ಮತ್ತು ಸಾಲ ಪಡೆದವರು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು ಎಂದು ನಿಯಮವೇ ಇದೆ. ಹನುಮಪ್ಪನ ಗುಡಿಯ ಕಟ್ಟೆ ಇದೆ, ನೆರಳಿದೆ, ಅಲ್ಲಿ ಕೂರಲಿ. ಶಾಂತವ್ವ ನನ್ನನ್ನು ಬೈಗುಳ ಕೇಳಿಸಿಕೊಂಡವಳ ಹಾಗೆ ನೋಡಿದಳು.

"ಐದು ವರ್ಷ ಆತು ಶಾಂತವ್ವನ ಸೆಂಟರ್ ಅಂತಾರ. ಈಗ ಬಾಗಲಾ ಹಾಕ್ಕೊಂಡರ ಊರಾಗ ಏನಂದಾರು? ಗಿರಣಿ ಹೋದ್ರ ಹೋಗ್ಲಿ ಬಿಡ್ರಿ, ದುಡದು ತಿಂತೇನಿ."

ನನಗೆ ಸಿಟ್ಟು ಬಂತು. ಗಿರಣಿಗೆ ಹದಿನೆಂಟು ಸಾವಿರ ಕಡಿಮೆಯೇ ಆಯಿತು ಎಂದಷ್ಟೇ ಹೇಳಿ ಹೊರಟೆ. ಸ್ಕೂಟರ್ ಮೇಲೆ ದಾಂಡೇಲಿಯವರೆಗೂ ಅವಳನ್ನು ಬೈಯುತ್ತ ಹೋದೆ, ಬರುವಾಗ ನನ್ನನ್ನು ಬೈದುಕೊಂಡೆ. ಮರ್ಯಾದೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ನನ್ನ ಪೋಸ್ಟರಿನಲ್ಲಿ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅವಳ ಫೋನು ಬಂತು. ಗಿರಾಕಿ ಬಂದಿದ್ದ. ಮೋಟಾರು ಸರಿಯಿದೆಯೇ ನೋಡುತ್ತೇನೆ ಎಂದು ಗಿರಣಿ ಚಾಲು ಮಾಡಿದನಂತೆ. ಮುಷ್ಟಿ ಜೋಳ ಹಾಕಿ, ಬಂದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ನೆಲಕ್ಕೆ ಕೊಡವಿದನಂತೆ.

"ನನ್ನ ಹಿಟ್ಟು ನೆಲಕ್ಕ ಕೊಡವಿದಾ ಸರ. ಹೊಟ್ಟಿ ಉರೀತು. ಎಂಟು ದಿನ ಬಿಟ್ಟು ಬಾ ಅಂತ ಕಳಿಸೇನಿ" ಎಂದಳು. ಆಮೇಲೆ ತಾನಾಗಿಯೇ, "ಕಟ್ಟಿ ಮ್ಯಾಲೆ ಮೀಟಿಂಗ್ ಮಾಡಿದ್ರ ನಡೀತೈತೇನ್ರಿ?" ಎಂದಳು.

ಕಂಪನಿಯ ಶಾಖೆಗೆ ನಾನೇ ಹೋಗಿ ಮಾತಾಡಿದೆ. ಮ್ಯಾನೇಜರು ನಿಯಮ ಗೊತ್ತಿಲ್ಲದವರಂತೆ ಮುಖ ಮಾಡಿ, ಕೊನೆಗೆ ಒಪ್ಪಿದರು. ಹೊರಗೆ ಪ್ರವೀಣ ಸಿಕ್ಕ. "ಕಲೆಕ್ಷನ್ ಕಡಿಮಿ ಆದ್ರ ನನ್ನ ಇನ್ಸೆಂಟಿವ್ ಹೋಕ್ಕೈತ್ರಿ ಸರ, ನಂದೂ ಬೈಕ್ ಲೋನ್ ಐತಿ" ಎಂದ. ಅವನೂ ಆ ಪಡಸಾಲೆಯೊಳಗೇ ಸಿಕ್ಕಿಕೊಂಡಿದ್ದ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಮುಂದಿನ ಮಂಗಳವಾರ ನಾನು ಗುಡಿಯ ಎದುರಿನ ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ಹೆಂಗಸರು ಕಟ್ಟೆಯ ಮೇಲೆ ಕೂತರು. ಚಹಾ ಇರಲಿಲ್ಲ, ಒಬ್ಬಿಬ್ಬರು ಗೊಣಗಿದರು. ನೀಲವ್ವ ಈ ಸಲವೂ ಬಂದಿರಲಿಲ್ಲ. ಪ್ರವೀಣ ಲೆಕ್ಕ ಮುಗಿಸಿ ಆರುನೂರ ಹತ್ತು ಕಡಿಮೆ ಎಂದ. ಎಲ್ಲರ ಕಣ್ಣೂ ಅಭ್ಯಾಸದಂತೆ ಶಾಂತವ್ವನ ಕಡೆ ತಿರುಗಿದವು. ಅವಳು ತಲೆ ತಗ್ಗಿಸಿ ಕೂತಿದ್ದಳು. ಅವಳ ಕೈ ಸೊಂಟದ ಚೀಲದ ಮೇಲೆ ಹೋಯಿತು. ಮುಗಿಯಿತು ಇದು ಎಂದುಕೊಂಡೆ. ಅವಳು ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ಅಕ್ಕಾರ, ಪೂರ್ತಿ ಆಗೂತನಕಾ ಯಾರೂ ಏಳೂ ಹಂಗಿಲ್ಲ" ಎಂದ ಪ್ರವೀಣ.

"ನಂದು ಪೂರ್ತಿ ಆಗೇತಪಾ. ಮನ್ಯಾಗ ಕುಂತವರನ್ನ ಎಬ್ಬಸಾಕ ನನಗ ಬರಲಿಲ್ಲ. ಕಟ್ಟಿ ಮ್ಯಾಲಿಂದ ನಾನ ಎದ್ದು ಹೋಗಾಕ ಬರತೈತಿ. ನನ್ನ ಹಿಟ್ಟು ಆರತೈತಿ."

ಕಟ್ಟೆ ಇಳಿದು, ಚಪ್ಪಲಿ ಮೆಟ್ಟಿಕೊಂಡು ನಡೆದಳು. ಹಿಂತಿರುಗಿ ನೋಡಲಿಲ್ಲ. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬಳು ಎಮ್ಮೆ ಹಿಂಡುವುದಿದೆ ಎಂದು ಎದ್ದಳು, ಅವಳ ಹಿಂದೆ ಮತ್ತೊಬ್ಬಳು.

ಎಲ್ಲ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಪ್ರವೀಣ ನೀಲವ್ವನ ಮನೆಗೇ ಹೋದ. ಅವಳು ಎರಡು ದಿನ ಅತ್ತು, ಕೊನೆಗೆ ನನ್ನ ಕೋಣೆಗೆ ಬಂದಳು. ಅವಳ ಸಾಲದ ಅವಧಿ ಹೆಚ್ಚಿಸಿ ಕಂತನ್ನು ಸಣ್ಣದು ಮಾಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ಮೊದಲೇ ಬಂದಿದ್ದರೆ ಮೊದಲೇ ಆಗುತ್ತಿತ್ತು. ಆದರೆ ಶಾಂತವ್ವನ ಡಬ್ಬಿ ಇರುವವರೆಗೆ ಅವಳು ಬರುವ ಕಾರಣವೇ ಇರಲಿಲ್ಲ. ಶಾಂತವ್ವನ ಜೊತೆ ಅವಳು ಇಂದಿಗೂ ಮಾತಾಡುವುದಿಲ್ಲ. ಮುಂದಿನ ವರ್ಷ ಗುಂಪಿನ ಲೀಡರ್ ಬದಲಾದರು. ಈಗ ಅದು ಯಾರ ಸೆಂಟರೂ ಅಲ್ಲ, ಗುಡಿ ಕಟ್ಟೆ ಸೆಂಟರ್.

ಕೈಗಡ ತೀರಲು ಸುಮಾರು ಆರೇಳು ತಿಂಗಳು ಬೇಕಾಯಿತು. ಅದು ತೀರಿದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಅವಳ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಒಳಗೆ ಗಿರಣಿ ಓಡುತ್ತಿತ್ತು. ಪಡಸಾಲೆ ಖಾಲಿಯಿತ್ತು, ಜೋಳದ ಚೀಲಗಳು ಕಿಟಕಿಯಿಂದ ಸರಿದಿದ್ದವು, ಬೆಳಕು ಬಂದಿತ್ತು. ಆ ಕೋಣೆ ಅಷ್ಟು ದೊಡ್ಡದು ಎಂದು ನಾನು ಅಂದುಕೊಂಡಿರಲಿಲ್ಲ.

ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ಯಾರಾದರೂ ಬಂದು ದುಡ್ಡು ಉಳಿಯುವುದಿಲ್ಲ ಎಂದರೆ ಈಗ ನಾನು ಏನು ಕೊಳ್ಳುತ್ತೀರಿ ಎಂದು ಮೊದಲು ಕೇಳುವುದಿಲ್ಲ. ಎಲ್ಲಿಂದ ಎದ್ದು ಬರಲು ನಿಮಗೆ ಆಗುವುದಿಲ್ಲ ಎಂದು ಕೇಳುತ್ತೇನೆ. ಬಹಳ ಜನ ಉತ್ತರ ಹೇಳುವ ಮೊದಲು ಸೆರಗಿನ ತುದಿಯನ್ನೋ ಟೊಪ್ಪಿಗೆಯನ್ನೋ ನೋಡುತ್ತಾರೆ.

ಶಾಂತವ್ವ ಅಂದು ಎರಡು ಲೋಟ ಚಹಾ ತಂದಳು. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಹೊಸ್ತಿಲ ಮೇಲೆ ಕೂತು ಕುಡಿಯತೊಡಗಿದಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ತಿಳಿಯಿತು.

"ಬರಕೋರಿ ಸರ, ಖರ್ಚು" ಎಂದಳು. "ಬೇಕಾದ್ರ ಕೆಂಪು ಸುತ್ತು ಹಾಕ್ರಿ. ಬಿಡೂದಿಲ್ಲ."