ಮುಗಿದ ಕೆಲಸ ಕಾಣಬೇಕು

ಮಾಡಬೇಕಾದ ಕೆಲಸಗಳನ್ನು ಗುರುತಿಟ್ಟುಕೊಳ್ಳಲು ಹೊಸ ಆ್ಯಪ್ ಹುಡುಕುವಾಗೆಲ್ಲ ನನಗೆ ಕಣಕಟ್ಟೆ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನೆನಪಾಗುತ್ತಾರೆ. ನಾನೂ ಅಲ್ಲೇ ಟೀಚರಾಗಿದ್ದೆ; ಅರಸೀಕೆರೆಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರಿಗೊಂದು ಆ್ಯಪ್ ಆರಿಸಿಕೊಡುವುದು ನನ್ನ ಪಾಲಿಗೆ ಬಂದಿತ್ತು. ನಾನು ತೋರಿಸಿದ್ದನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಿ, "ಮುಗಿದ ಕೆಲಸ ಎಲ್ಲೋಯ್ತಮ್ಮ?" ಎನ್ನುತ್ತಿದ್ದರು.

"ಮುಗಿದ್ಮೇಲೆ ಮಾಯ ಆಗುತ್ತೆ ಸರ್. ಮತ್ತೆ ಯಾಕದು?"

"ನಂಗಲ್ಲ ಕಣಮ್ಮ, ನಮ್ಮನೆಯವಳಿಗೆ ಬೇಕು."

ಅವರ ಹೆಂಡತಿಗೆ ಮರೆವು ಶುರುವಾಗಿತ್ತು. ಗ್ಯಾಸ್ ಆರಿಸಿದ್ರಾ, ಕರೆಂಟ್ ಬಿಲ್ ಕಟ್ಟಿದ್ರಾ ಎಂದು ಕೇಳಿದ್ದನ್ನೇ ಕೇಳಿ ಕೊನೆಗೆ ಅಳುತ್ತಿದ್ದರಂತೆ. ಇಬ್ಬರ ಫೋನಿನಲ್ಲೂ ಒಂದೇ ಪಟ್ಟಿ ಕಾಣುವ, ಮುಗಿದದ್ದು ಹಸಿರು ಟಿಕ್ಕಿನೊಂದಿಗೆ ಅಲ್ಲೇ ಉಳಿಯುವ ಆ್ಯಪ್ ಅಂತೂ ಸಿಕ್ಕಿತು. ಟಿಕ್ ಕಂಡರೆ ಆಕೆಗೆ ಸಮಾಧಾನ.

ಒಂದು ಸಂಜೆ ಬಸ್ಸಿನಲ್ಲಿ ಅವರ ಫೋನು ಟಿಣ್ ಎಂದಿತು. ಪಟ್ಟಿಯಲ್ಲಿ ಆಕೆಯೇ ಬರೆದ ಹೊಸ ಸಾಲಿತ್ತು: "ನೀವು ಊಟ ಮಾಡೋದು." ಪರೀಕ್ಷೆಯ ಗಡಿಬಿಡಿಯಲ್ಲಿ ಅವರು ಅಂದು ಡಬ್ಬಿ ತೆರೆದೇ ಇರಲಿಲ್ಲ.

"ಟಿಕ್ ಹಾಕ್ಬಿಡಿ ಸರ್, ಮನೇಗೋಗಿ ಉಂಡರಾಯ್ತು," ಎಂದೆ.

"ಅವಳು ನಂಬಿರೋದು ಇದೊಂದನ್ನೇ. ಇದರಲ್ಲೂ ಸುಳ್ಳು ಹೇಳ್ಲಾ?"

ಡಬ್ಬಿಯಲ್ಲಿದ್ದದ್ದು ಚಿತ್ರಾನ್ನವೋ ಪುಳಿಯೋಗರೆಯೋ, ಈಗ ಆಣೆಯಿಟ್ಟು ಹೇಳಲಾರೆ. ಕುಲುಕುವ ಬಸ್ಸಿನಲ್ಲಿ, ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡು, ಅವರು ಒಂದು ಅಗುಳೂ ಬಿಡದೆ ಉಂಡರು. ಕೈತೊಳೆಯಲು ನಾನು ನೀರಿನ ಬಾಟಲಿ ಚಾಚಿದರೂ ಅಷ್ಟು ತಡೆಯಲಾರದೆ, ಎಡಗೈಯಿಂದಲೇ ಟಿಕ್ ಹಾಕಿದರು.