ಹಸಿ ಮಣ್ಣು ಎತ್ತದ ಮಣ್ಣಕ್ಕ

ಬೆಳಗಿನ ಐದೂ ಮುಕ್ಕಾಲು. ರಾತ್ರಿಯಿಡೀ ಮಳೆ ಸುರಿದಿದೆ. ರಸ್ತೆಗೆ ಹಾಸುವ ಗರಸು ತೆಗೆಯುವ ಗಣಿಯ ಅಂಚಿನಲ್ಲಿ ಜೆಸಿಬಿ ಚಾಲಕಿಯೊಬ್ಬರು ಕುಕ್ಕರಗಾಲಲ್ಲಿ ಕೂತು, ಗುಡ್ಡೆಯಿಂದ ತೆಗೆದ ಒಂದು ಹಿಡಿ ಮಣ್ಣನ್ನು ಅಂಗೈಗಳ ನಡುವೆ ಹೊಸೆಯುತ್ತಿದ್ದಾರೆ. ಒಣಗಿದ್ದರೆ ಪುಡಿಯಾಗಬೇಕಿತ್ತು. ಬತ್ತಿಯಂತೆ ಉದ್ದಕ್ಕೆ ಬರುತ್ತಿದೆ. ಅವರು ಕೈ ಒರೆಸಿಕೊಂಡು, ಯಂತ್ರದ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಇವತ್ತು ಈ ಮಣ್ಣನ್ನು ಮುಟ್ಟುವಂತಿಲ್ಲ.

ಗುಡ್ಡೆ ಎಂದರೆ ಇಲ್ಲಿ ಒಂದು ಹೊಲ. ಗಣಿಗೆ ಗುತ್ತಿಗೆ ಪಡೆದ ಜಮೀನಿನ ಮೇಲ್ಮಣ್ಣನ್ನು ಮೊದಲು ಕೆರೆದು ಬೇರೆ ಇಡಬೇಕು. ಗರಸು ಮುಗಿದ ಮೇಲೆ ಗುಂಡಿ ಮುಚ್ಚಿ, ಅದೇ ಮಣ್ಣನ್ನು ಹರಡಿ ಜಮೀನು ಹಿಂದಿರುಗಿಸಬೇಕು. ಕರಾರಿನಲ್ಲಿರುವುದೇ ಇದು. ಈ ಗುಡ್ಡೆ ಚಾಲಕಿಯ ಅತ್ತೆಯ ಹೊಲದ್ದು. ಆಳೆತ್ತರ ಮೀರದಂತೆ ಪೇರಿಸಿ, ಮಳೆಗೆ ಕೊಚ್ಚಿ ಹೋಗದಂತೆ ಹುಲ್ಲು ಬಿತ್ತಿ, ಐದು ವರ್ಷದಿಂದ ಕಾಯುತ್ತಿರುವವರು ಸೊಸೆ. ಟಿಪ್ಪರ್ ಚಾಲಕರು ಗೇಲಿಗೆ ‘ಮಣ್ಣಕ್ಕ’ ಎಂದರು; ಹೆಸರು ಅಂಟಿಕೊಂಡಿತು. ಅತ್ತೆಯ ದೂರು ಬೇರೆ: “ನನ್ನ ಮಗನಿಗಿಂತ ಆ ಗುಡ್ಡೆ ಮೇಲೇ ಇವಳಿಗೆ ಜೀವ.”

“ಎತ್ತರ ಪೇರಿಸಿದ್ರೆ ಒಳಗಿನ ಮಣ್ಣಿಗೆ ಉಸಿರು ಕಟ್ಟುತ್ತೆ. ಹಸಿಯಿದ್ದಾಗ ಎತ್ತಿದ್ರೆ ಒತ್ತಿಕೊಂಡು ಇಟ್ಟಿಗೆ ಆಗುತ್ತೆ. ಆಮೇಲೆ ಬೇರೂ ಇಳಿಯಲ್ಲ, ನೀರೂ ಇಳಿಯಲ್ಲ” ಎನ್ನುತ್ತಾರೆ ಮಣ್ಣಕ್ಕ.

ಅನುಮಾನವಿದ್ದವರು ಪಕ್ಕದ ತುಂಡು ಭೂಮಿ ನೋಡಬಹುದು. ಮೂರು ವರ್ಷದ ಹಿಂದೆ, ಮಳೆಯಲ್ಲೇ ಮಣ್ಣು ಸಾಗಿಸಿ, ಮಟ್ಟ ಮಾಡಿ, ‘ಪುನಶ್ಚೇತನಗೊಂಡ ಭೂಮಿ’ ಎಂದು ಫಲಕ ನೆಟ್ಟು, ಫೋಟೊ ತೆಗೆಸಿ ಮಾಲೀಕರಿಗೆ ಒಪ್ಪಿಸಿದ ಜಾಗ. ಫಲಕ ನಿಂತಿದೆ. ಅದರ ಸುತ್ತ ನೀರೂ ನಿಂತಿದೆ. ಕಳೆ ಕೂಡ ಎದ್ದಿಲ್ಲ.

ಆರೂವರೆಗೆ ಮ್ಯಾನೇಜರ್ ಜೀಪಿನಲ್ಲಿ ಬರುತ್ತಾರೆ. ಗುಡ್ಡೆಯ ಅಡಿಯಲ್ಲಿ ಒಳ್ಳೆಯ ಗರಸಿದೆ. ಇವತ್ತೇ ಗುಡ್ಡೆ ಆಚೆಗೆ ಹೋಗಬೇಕು.

“ಏನಕ್ಕ, ಮಣ್ಣಿಗೆ ಜ್ವರ ನೋಡ್ತಿದ್ದೀಯಾ? ಗಾಡಿ ಸ್ಟಾರ್ಟ್ ಮಾಡು.”

“ಎರಡು ದಿನ ಬಿಟ್ಟುಬಿಡಿ ಸಾರ್. ಇನ್ನೂ ಬತ್ತಿ ಬರ್ತಿದೆ.”

“ಬತ್ತಿ ಅಂತೆ! ಟಿಪ್ಪರೆಲ್ಲ ನಿಲ್ಲಿಸಿ ನಿಮ್ಮತ್ತೆ ಮುಖ ನೋಡ್ತಾ ಕೂರ್ಲಾ?”

“ನೋಡಿ ಸಾರ್. ಕರಾರಿಗೆ ಸಹಿ ಹಾಕಿಸ್ಕೊಳ್ಳುವಾಗ ನೋಡಿದ್ರಲ್ಲ, ಅದೇ ಮುಖ.”

ಟಿಪ್ಪರ್ ಚಾಲಕರು ನಗು ತಡೆದುಕೊಳ್ಳುತ್ತಾರೆ. ಬತ್ತಿ ಎಂದರೇನೆಂದು ಮ್ಯಾನೇಜರ್‌ಗೆ ತಿಳಿಯದ್ದೇನಲ್ಲ. ಮಣ್ಣನ್ನು ಹೊಸೆದು ಹದ ನೋಡುವುದನ್ನು ಮಣ್ಣಕ್ಕನಿಗೆ ಕಲಿಸಿದ್ದೇ ಅವರು, ಆಕೆ ಕೆಲಸಕ್ಕೆ ಸೇರಿದ ಮೊದಲ ವಾರ. ಆಗ ತಪಾಸಣೆಯವರು ಬರುತ್ತಿದ್ದರು. ಈಗ ಬರುವುದಿಲ್ಲ.

ಮ್ಯಾನೇಜರ್ ಕೀಲಿಗಾಗಿ ಕೈ ಚಾಚುತ್ತಾರೆ. ಮಣ್ಣಕ್ಕ ಕೊಡುವುದಿಲ್ಲ. ಜೀಪು ಕೆಸರೆರಚುತ್ತಾ ಹೊರಡುತ್ತದೆ.

“ಕೆಲಸದಿಂದ ತೆಗೀತಾರೆ, ಗೊತ್ತು. ತೆಗೀಲಿ. ಅತ್ತೆ ಕೊಟ್ಟಿದ್ದು ಹೊಲ, ವಾಪಸ್ ಬರೋದೂ ಹೊಲವೇ ಆಗ್ಬೇಕು. ನಾನೇನು ಹೆಚ್ಚಿಗೆ ಕೇಳ್ತಿದ್ದೀನಾ?”

ಹತ್ತು ಗಂಟೆಗೆ ಬೇರೆ ಗಣಿಯಿಂದ ಎರಡು ಜೆಸಿಬಿ ಬಂದವು. ಕತ್ತಲಾಗುವುದರೊಳಗೆ ಗುಡ್ಡೆಯನ್ನು ಪೂರ್ತಿ ಎತ್ತಿ, ಆಚೆ ಅಂಚಿನಲ್ಲಿ ಎರಡಾಳು ಎತ್ತರಕ್ಕೆ ಸುರಿದರು. ಮಣ್ಣಕ್ಕನನ್ನು ಅಂದೇ ಕೆಲಸದಿಂದ ತೆಗೆದರು.

ಮರುದಿನ ಬೆಳಗಿನಿಂದಲೇ ಬಿಸಿಲಿತ್ತು.