ದೀರ್ಘ ಇದ್ದ ಜಾಮೀನು

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಟಾಕನ್ನು ಮಸಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಆ ಉಗುರಿಗೆ ಒರೆಸಿಯೇ ಅವರು ಬರೆಯಲು ಹಿಡಿಯುತ್ತಿದ್ದರು. ವಿಜಾಪುರದ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವುದು ಅವರ ಕಸುಬು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಅರ್ಜಿ ಕಾಕಾ. ನನಗೂ ಅಷ್ಟೇ.

ನಾನಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಬರುತ್ತಿದ್ದವರಲ್ಲಿ ನಾನೇ ಮೊದಲಿಗ, ಜಂಬ ಇತ್ತು. ಶಾಲೆಯ ಛಾವಣಿಗೆ ಹೊಸ ಮಾಳಿಗೆ ಹಾಕಿಸಿದ್ದರು. ಕರಾರಿನಲ್ಲಿ ಇದ್ದದ್ದು ಸುಣ್ಣದ ಗಚ್ಚು, ಗುತ್ತೇದಾರ ಹಾಕಿದ್ದು ಬರೀ ಮಣ್ಣು. ಮೊದಲ ಮಳೆಗೇ ಮಕ್ಕಳ ಪಾಟಿಯ ಮೇಲಿನ ಅಕ್ಷರ ತೊಳೆದುಹೋದವು. ಕೇಳಿದರೆ ಗುತ್ತೇದಾರ ನಕ್ಕ: "ಮಳಿ ಬಂದ್ರ ಸೂಟಿ ಬಿಡ್ರಿ, ಮಾಸ್ತರ್ರ."

ಗುತ್ತೇದಾರಿಕೆಯ ಪರವಾನಗಿ ಬೇಕಾದರೆ ಯಾರಾದರೂ ಜಾಮೀನು ನಿಲ್ಲಬೇಕಿತ್ತು. ಕೆಲಸ ಕೆಟ್ಟು, ವರ್ಷದೊಳಗೆ ತಕರಾರು ಬಂದರೆ, ಆ ಜಾಮೀನುದಾರನೇ ಅದನ್ನು ಸರಿಮಾಡಿಸಿಕೊಡಬೇಕು. ಇವನಿಗೆ ನಿಂತವನು ತಿಕೋಟದಲ್ಲಿದ್ದ ಅವನ ಹೆಣ್ಣು ಕೊಟ್ಟ ಮಾವ. ಇದು ತಿಳಿದದ್ದೇ ನಾನು ಅರ್ಜಿ ಬರೆದು ಕಚೇರಿಗೆ ಕೊಟ್ಟುಬಂದೆ. ನಾಳೆ ವರ್ಷ ತುಂಬುತ್ತದೆ ಎನ್ನುವಾಗ ಅದು ವಾಪಸು ಬಂತು. ಮೇಲೆ ಕಾರಕೂನ ಬರೆದಿದ್ದ: "ಜಮೀನಿನ ವಿಷಯ ಮಾಮಲೇದಾರರಲ್ಲಿ ವಿಚಾರಿಸುವುದು."

ಬೇವಿನ ಮರಕ್ಕೆ ಓಡಿದೆ. ಕಾಕಾ ಓದಿದರು, ಕನ್ನಡಕ ತೆಗೆದರು, ಹೊಟ್ಟೆ ಕುಣಿಯುವಂತೆ ನಕ್ಕರು.

"ಮಾಳಿಗಿ ಸೋರಾಕತ್ತೈತಿ ಅಂತ ಮಾವನ ಹೊಲಾ ಕೇಳೀರಲ್ರಿ, ಮಾಸ್ತರ್ರ! ಸಾಲಿ ಮ್ಯಾಲೆ ಹೊಲಾ ಹೊಚ್ಚಾವ್ರೇನು?"

ನೋಡಿದೆ. 'ಜಾಮೀನು' ಎನ್ನಬೇಕಾದ ಕಡೆಯಲ್ಲೆಲ್ಲ ನಾನು ಬರೆದದ್ದು 'ಜಮೀನು'. ನಮ್ಮ ಮನೆಯಲ್ಲಿ ಎರಡನ್ನೂ ಹಾಗೆಯೇ ಅನ್ನುತ್ತಿದ್ದರು.

"ನಿಮ್ಮ ಹುಡುಗರು ಇಂಥಾ ತಪ್ಪು ಮಾಡಿದ್ರ ಏನ್ ಮಾಡ್ತೀರಿ?"

"ಹತ್ತು ಸಲ ಬರಸ್ತೀನ್ರಿ."

"ಹಂಗಾರ ಕೂಡ್ರಿ."

ಬಂದು ಹೋಗುವ ಜನರ ನಡುವೆ, ಮಾಸ್ತರನಾದ ನಾನು ಹತ್ತು ಸಲ ಜಾಮೀನು ಎಂದು ಬರೆದೆ. ಅಷ್ಟರಲ್ಲಿ ಅವರು ಇಡೀ ಅರ್ಜಿ ಮುಗಿಸಿದ್ದರು, ಅದೂ ಪ್ರತಿ ದೀರ್ಘಕ್ಕೂ ಉಗುರಿಗೆ ಟಾಕು ಒರೆಸುತ್ತ! ಅದು ಅಂದೇ ದಾಖಲಾಯಿತು.

ಹದಿನೈದು ದಿನಕ್ಕೆ ಮಾವ ಬಂದ, ಅಳಿಯನನ್ನು ಮುಂದಿಟ್ಟುಕೊಂಡು. ಕೊಡೆ ಹಿಡಿದು ಕಟ್ಟೆಯ ಮೇಲೆ ಕೂತು, ಗಚ್ಚು ಬಡಿಯುವ ಹೆಂಗಸರಿಗೆ ಕೂಗುತ್ತಿದ್ದ: "ಬಡೀರವ್ವಾ, ಛಲೋ ಬಡೀರಿ! ನನ್ನ ಹೆಸರು ಸೋರಬಾರ್ದು!" ಅಳಿಯ ಸುಣ್ಣದ ಬುಟ್ಟಿ ಹೊತ್ತ. ಮಕ್ಕಳಿಗೆ ಮೂರು ದಿನ ಸೂಟಿ ಬಿಟ್ಟೆ. ಒಬ್ಬರೂ ಮನೆಗೆ ಹೋಗಲಿಲ್ಲ.

ಆಮೇಲೆ ಪೇಟೆಗೆ ಹೋದಾಗಲೆಲ್ಲ ಬೇವಿನ ಕೆಳಗೆ ಕೂರುತ್ತಿದ್ದೆ. "ಮುಲ್ಕಿಗೇ ನಿಂತ್ರ ಹ್ಯಾಂಗ್ರಿ?" ಎಂದು ಚುಚ್ಚಿ ಚುಚ್ಚಿ ನನ್ನನ್ನು ಮ್ಯಾಟ್ರಿಕ್ಕಿಗೆ ಕೂರಿಸಿದವರು ಅವರೇ. ಕಾಲೇಜಿಗೆ ಹೋಗಲು ರಜೆ ಕೇಳಿದಾಗ, ಓದು ಮುಗಿಸಿ ನೌಕರಿಗೆ ಮರಳುತ್ತೇನೆಂದು ನಾನೂ ಜಾಮೀನು ಕೊಡಬೇಕಾಯಿತು. ನಮ್ಮವರಲ್ಲಿ ಯಾರ ಹೆಸರಿಗೂ ಏನೂ ಇರಲಿಲ್ಲ. ಕಾಕಾ ಎದ್ದು ಬಂದರು.

"ಜಾಮೀನುದಾರರಿಗೆ ಜಮೀನು ಐತೇನ್ರಿ?" ಎಂದ ಕಾರಕೂನ.

ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ದೀರ್ಘ ಇಲ್ಲದ್ದು ನಮ್ಮಲ್ಲಿ ಇಲ್ರಿ. ಮನಿ ಐತಿ, ಬರಕೊಳ್ರಿ."

ಗೋಳಗುಮ್ಮಟದ ಹತ್ತಿರದ ಆ ಎರಡು ಖೋಲಿಯ ಮನೆ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ.

ಬಿ.ಎ. ಪಾಸಾಗಿ ಪದವಿ ಪತ್ರ ತೋರಿಸಲು ಹೋದಾಗ ಅವರ ಕಣ್ಣು ಮಂಜಾಗಿತ್ತು. ಇಂಗ್ಲಿಷು ಮೊದಲೇ ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಕೆಳಗೆ ಮಸಿ ಇನ್ನೂ ಆರದ ಉಗುರು ಆಡಿಸಿದರು. "ದೀರ್ಘ ಎಲ್ಲಾ ಸರಿಯಾಗಿ ಹಾಕ್ಯಾರಿಲ್ಲೋ?" ಅಂದರು. ಇಬ್ಬರೂ ಮರದ ಕೆಳಗೆ ಕೂತು ನಕ್ಕೆವು. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಆ ಪತ್ರಕ್ಕೆ ಚೌಕಟ್ಟು ಹಾಕಿಸಲು ಒಯ್ದಾಗ, ಹೆಸರಿನ ಕೆಳಗೆ ಉಳಿದಿದ್ದ ನೀಲಿ ಗೆರೆ ನೋಡಿ ಅಂಗಡಿಯವನು ಕೇಳಿದ, "ಕಲಿ ಬಿದ್ದೈತಿ, ಒರಸ್ಲೇನ್ರಿ?"

"ಬ್ಯಾಡಪಾ," ಎಂದೆ. "ಅದು ಜಾಮೀನುದಾರರ ಸಹಿ."